ಓದುಗರ ಪ್ರಶ್ನೆ: ಯಾವುದು, ಎಷ್ಟು, ಎಂದಿನಿಂದ, ಕೊನೆಗೆ ಯಾವಾಗ?

ಕಾಲೇಜು ಮಕ್ಕಳು ಮತ್ತು ಮಾದಕ ವಸ್ತುಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಡ್ರಗ್ಸ್’ ಎಂಬ ಒಂದೇ ಪದದಲ್ಲಿ ಮುಗಿದಿವೆ. ಆ ಪದ ಕೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಗಾಂಜಾ ಬಿಡಿಸುವ ರೀತಿ ಬೇರೆ, ನೋವಿನ ಮಾತ್ರೆ ಬಿಡಿಸುವ ರೀತಿ ಬೇರೆ. ನಿದ್ರೆ ಮಾತ್ರೆಯನ್ನಂತೂ ಒಂದೇ ದಿನಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ನಾಲ್ಕು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ: ತೆಗೆದುಕೊಂಡದ್ದು ಯಾವುದು, ಎಷ್ಟು, ಎಂದಿನಿಂದ, ಕೊನೆಯ ಸಲ ಯಾವಾಗ. ಉತ್ತರಿಸಿದವರು ಒಬ್ಬ ಮನೋವೈದ್ಯರು, ಒಬ್ಬ ಆಪ್ತಸಮಾಲೋಚಕರು ಮತ್ತು ಒಬ್ಬ ವಕೀಲರು. ಕೇಳಿದವರ ಹೆಸರು ಬಿಟ್ಟಿದ್ದೇವೆ.

*

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಯುಗಾದಿಗೆ ಬಂದಾಗ ಪ್ಯಾಂಟ್ ಒಗೆಯಲು ತೆಗೆದರೆ ಜೇಬಿನಲ್ಲಿ ಸಿಗರೇಟ್ ಸುತ್ತುವ ತೆಳು ಹಾಳೆ, ಒಣಗಿದ ಹಸಿರು ಪುಡಿ ಇತ್ತು. ಕೇಳಿದರೆ ‘ಫ್ರೆಂಡ್‌ದು’ ಅಂದ. ನಮ್ಮ ಮನೆಯವರು ಕಾಲೇಜು ಬಿಡಿಸಿ ಅಂಗಡಿಯಲ್ಲಿ ಕೂರಿಸೋಣ ಅನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಾಲೇಜು ಬಿಡಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಓದು ಕೈತಪ್ಪಿದ ಹುಡುಗನಿಗೆ ಗಾಂಜಾ ಬಿಡಲು ಇದ್ದ ಕಾರಣಗಳಲ್ಲಿ ಒಂದು ಕಡಿಮೆಯಾಗುತ್ತದೆ, ಸಮಯ ಮಾತ್ರ ಹೆಚ್ಚಾಗುತ್ತದೆ. ನೀವು ಹೇಳಿದ್ದು ಗಾಂಜಾ ಇರಬಹುದು. ಹುಡುಗರ ಬಾಯಲ್ಲಿ ‘ಸೊಪ್ಪು’, ‘ಸ್ಟಫ್’. ಒಮ್ಮೆ ಸಿಕ್ಕಿತೆಂದ ಮಾತ್ರಕ್ಕೆ ಚಟ ಹತ್ತಿದೆ ಎಂದಲ್ಲ. ಗಾಂಜಾ ಸೇದಿ ನೋಡಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಈ ಲೆಕ್ಕ ಆರಕ್ಕೆ ಒಂದು. ನಿಮ್ಮ ಮಗ ಎಲ್ಲಿದ್ದಾನೆ ಎಂಬುದು ಅವನು ಬಾಯಿ ಬಿಟ್ಟರೆ ಮಾತ್ರ ತಿಳಿಯುತ್ತದೆ. ಬಾಯಿ ಬಿಡಬೇಕಾದರೆ ಮೊದಲ ಮಾತು ಬೈಗುಳ ಆಗಬಾರದು.

ಮಾತಾಡುವ ಹೊತ್ತು ಮುಖ್ಯ. ಕಣ್ಣು ಕೆಂಪಾಗಿದ್ದಾಗ, ರಾತ್ರಿ ಹನ್ನೊಂದಕ್ಕೆ, ಅಪ್ಪ ಅಮ್ಮ ಚಿಕ್ಕಪ್ಪ ಎಲ್ಲರೂ ಸುತ್ತ ಕೂತು ಕೇಳಿದರೆ ಸಿಗುವುದು ‘ಫ್ರೆಂಡ್‌ದು’ ಎಂಬ ಉತ್ತರವೇ. ಬೆಳಗ್ಗೆ, ಒಬ್ಬರೇ, ನಡೆಯುತ್ತಲೋ ಗಾಡಿಯಲ್ಲಿ ಹೋಗುತ್ತಲೋ ಕೇಳಿ. ‘ಸೇದುತ್ತೀಯಾ’ ಎಂದರೆ ಇಲ್ಲ ಎನ್ನುವುದು ಸುಲಭ. ‘ವಾರಕ್ಕೆ ಎಷ್ಟು ದಿನ? ಒಬ್ಬನೇ ಇದ್ದಾಗಲೂ ಸೇದುತ್ತೀಯಾ? ಬೆಳಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದಾ? ನಿಲ್ಲಿಸಿ ನೋಡಿದ್ದೀಯಾ, ಆಗ ಏನಾಯಿತು?’ ಎಂದು ಕೇಳಿ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಎನ್ನುವವನಿಗೂ ದಿನಾ ಒಬ್ಬನೇ, ಕ್ಲಾಸಿಗೆ ಮೊದಲೇ ಎನ್ನುವವನಿಗೂ ಬಹಳ ಅಂತರವಿದೆ. ಅಟೆಂಡೆನ್ಸ್ ಶಾರ್ಟೇಜ್, ಏಕಾಏಕಿ ಬ್ಯಾಕ್‌ಲಾಗ್, ಆಟ ಬಿಟ್ಟಿರುವುದು, ಹಳೆಯ ಗೆಳೆಯರು ಮಾಯವಾಗಿರುವುದು ಇವನ್ನೂ ಗಮನಿಸಿ. ಇವೆಲ್ಲ ಖಿನ್ನತೆಯಲ್ಲೂ ಕಾಣುತ್ತವೆ. ಎಷ್ಟೋ ಮಕ್ಕಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ದಿನಾ ಸೇದುವವನು ಬಿಟ್ಟರೆ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ಬೆವರು, ವಿಚಿತ್ರ ಕನಸುಗಳು ಶುರುವಾಗುತ್ತವೆ. ಮೊದಲ ವಾರ ಅತಿ ಕಷ್ಟ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಇದರಿಂದ ಪ್ರಾಣಾಪಾಯವಿಲ್ಲ. ಆದರೆ ‘ಬಿಟ್ಟರೆ ನಿದ್ದೆ ಬರಲ್ಲ, ಅದಕ್ಕೇ ಬೇಕು’ ಎಂದು ಮತ್ತೆ ಶುರುವಾಗುವುದು ಇದೇ ವಾರದಲ್ಲಿ. ಆದ್ದರಿಂದ ಬಿಡುವ ದಿನವನ್ನು ಇಂಟರ್ನಲ್ಸ್ ಹಿಂದಿನ ದಿನಕ್ಕೆ ಇಡಬೇಡಿ, ರಜೆಯ ಆರಂಭಕ್ಕೆ ಇಡಿ.

ಇಲ್ಲಿ ಒಂದು ಒಳಗುಟ್ಟಿದೆ. ನಮ್ಮಲ್ಲಿ ಗಾಂಜಾವನ್ನು ಬೀಡಿ ಇಲ್ಲವೇ ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸೇದುವುದೇ ಹೆಚ್ಚು. ಹಾಗಾಗಿ ಹುಡುಗನಿಗೆ ಹತ್ತಿರುವುದು ಎರಡು ಚಟ. ಗಾಂಜಾ ಬಿಟ್ಟು ಸಿಗರೇಟ್ ಉಳಿಸಿಕೊಂಡರೆ ಕೈಯಲ್ಲಿರುವ ಸಿಗರೇಟೇ ಮತ್ತೆ ಗಾಂಜಾವನ್ನು ನೆನಪಿಸುತ್ತದೆ. ಗಾಂಜಾ ಬಿಡಿಸಲೆಂದೇ ಮಾನ್ಯವಾದ ಮಾತ್ರೆ ಇನ್ನೂ ಇಲ್ಲ, ಅಲ್ಲಿ ಕೆಲಸ ಮಾಡುವುದು ಆಪ್ತಸಮಾಲೋಚನೆ. ತಂಬಾಕಿಗೆ ಮಾತ್ರ ಮದ್ದಿದೆ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ, ಯಾವುದು ಬೇಕೆಂದು ಡಾಕ್ಟರ್ ಹೇಳುತ್ತಾರೆ. ಅದನ್ನು ಬಬಲ್ ಗಮ್‌ನಂತೆ ಜಗಿಯಬಾರದು. ಬಾಯಿ ಚುರುಗುಟ್ಟುವವರೆಗೆ ನಿಧಾನಕ್ಕೆ ಜಗಿದು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ ಕಾಲು ಗಂಟೆ ಕಾಫಿ, ಟೀ ಬೇಡ, ಕುಡಿದರೆ ಬಾಯಿ ನಿಕೋಟಿನ್ ಹೀರುವುದಿಲ್ಲ. ‘ಗಮ್ ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಬಹಳಷ್ಟು ಮಂದಿ ಅದನ್ನು ಜಗಿದು ನುಂಗಿರುತ್ತಾರೆ. ಅವರಿಗೆ ಸಿಗುವುದು ಬಿಕ್ಕಳಿಕೆ, ಹೊಟ್ಟೆಯುರಿ ಅಷ್ಟೇ.

*

ಪ್ರಶ್ನೆ: ಗಾಂಜಾ ಗಿಡಮೂಲಿಕೆ, ಸಾಧುಗಳು ಸಾವಿರಾರು ವರ್ಷದಿಂದ ಸೇದುತ್ತಿದ್ದಾರೆ, ಕೆನಡಾದಲ್ಲಿ ಕಾನೂನೇ ಒಪ್ಪಿದೆ. ಸಾರಾಯಿಗಿಂತ ಇದೇ ವಾಸಿ ಅಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ದತ್ತೂರಿಯೂ ಗಿಡಮೂಲಿಕೆಯೇ. ಕೆನಡಾ 2018ರಲ್ಲಿ ಒಪ್ಪಿದ್ದು ನಿಜ, ಆದರೆ ಪ್ರಾಂತ್ಯಕ್ಕೆ ತಕ್ಕಂತೆ ವಯಸ್ಸಿನ ಮಿತಿ ಇಟ್ಟಿದೆ. ಕ್ವಿಬೆಕ್‌ನಲ್ಲಿ ಅದು 21. ಎಳೆಯ ಮೆದುಳಿಗೆ ಹಾನಿ ಹೆಚ್ಚೆಂದು ಆ ಕಾನೂನು ಮಾಡಿದವರಿಗೂ ಗೊತ್ತು.

ಸಾಧುಗಳು ಸೇದಿದ ಗಿಡಕ್ಕೂ ಈಗ ‘ಹೈಡ್ರೋ’ ಹೆಸರಿನಲ್ಲಿ ಬರುವ ಸರಕಿಗೂ ಹೋಲಿಕೆ ಕಡಿಮೆ. ದೀಪ ಮತ್ತು ಪೋಷಕದ್ರವದಲ್ಲಿ ಬೆಳೆಸಿದ ಈ ತಳಿಗಳಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ ಎಷ್ಟೋ ಪಟ್ಟು ಹೆಚ್ಚು. ಅದು ಹೆಚ್ಚಿದಷ್ಟೂ, ದಿನಾ ಸೇದಿದಷ್ಟೂ, ಯಾರೋ ಹಿಂಬಾಲಿಸುತ್ತಿದ್ದಾರೆ, ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಕಿವಿಯಲ್ಲಿ ದನಿ ಕೇಳುತ್ತಿದೆ ಎನ್ನುವ ಮನೋವಿಕಲತೆಯ ಅಪಾಯ ಏರುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಒಂದು ದಮ್ಮೂ ಬೇಡ. ಯಾರ ಮೆದುಳು ತಡೆಯುತ್ತದೆ, ಯಾರದು ತಡೆಯುವುದಿಲ್ಲ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಇನ್ನೊಂದು ತೊಂದರೆ ಬಹಳ ಮಂದಿಗೆ ತಿಳಿದೇ ಇಲ್ಲ. ವರ್ಷಗಟ್ಟಲೆ ದಿನಾ ಸೇದಿದ ಕೆಲವರಿಗೆ ತಡೆಯಲಾರದ ವಾಂತಿ, ಹೊಟ್ಟೆನೋವು ಬಿಟ್ಟುಬಿಟ್ಟು ಬರುತ್ತದೆ. ಎಂಡೋಸ್ಕೋಪಿ ಮಾಡಿದರೆ ಏನೂ ಕಾಣುವುದಿಲ್ಲ. ಸುಳಿವು ಒಂದೇ: ಬಿಸಿ ಬಿಸಿ ನೀರಿನ ಸ್ನಾನ ಮಾಡಿದರೆ ತಾತ್ಕಾಲಿಕವಾಗಿ ಆರಾಮ. ಹುಡುಗ ದಿನಕ್ಕೆ ನಾಲ್ಕೈದು ಸಲ ಸ್ನಾನಕ್ಕೆ ಹೋಗುತ್ತಿದ್ದಾನೆ, ವಾಂತಿ ನಿಲ್ಲುತ್ತಿಲ್ಲ ಎಂದರೆ ಡಾಕ್ಟರಿಗೆ ಗಾಂಜಾ ವಿಷಯ ಹೇಳಲೇಬೇಕು. ಗಾಂಜಾ ಪೂರ್ತಿ ಬಿಡದೆ ಈ ವಾಂತಿ ಹೋಗುವುದಿಲ್ಲ. ಸಾರಾಯಿ ಹೋಲಿಕೆಯನ್ನು ಇಲ್ಲಿಗೇ ಬಿಡೋಣ, ಅದು ಕೆಟ್ಟದ್ದೆಂದು ಇದು ಒಳ್ಳೆಯದಾಗುವುದಿಲ್ಲ.

*

ಪ್ರಶ್ನೆ: ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಮಗನಿಗೆ ಮಾಡಿಸಿದೆ. ‘ಒಪಿಯೇಟ್’ ಪಾಸಿಟಿವ್ ಬಂತು. ಅವನು ದೇವರಾಣೆ ಮಾಡಿ ಇಲ್ಲ ಅನ್ನುತ್ತಾನೆ. ನಂಬುವುದು ಯಾರನ್ನು?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಒಪಿಯೇಟ್ ಎಂದರೆ ಅಫೀಮಿನಿಂದ ಬರುವ ಮಾದಕಗಳು. ಮೊದಲು ಗೆರೆಗಳನ್ನು ಇನ್ನೊಮ್ಮೆ ಓದಿ. ಈ ಕಿಟ್ ಗರ್ಭ ಪರೀಕ್ಷೆಯ ಪಟ್ಟಿಗೆ ತದ್ವಿರುದ್ಧ. ಇಲ್ಲಿ ಎರಡು ಗೆರೆ ಬಂದರೆ ನೆಗೆಟಿವ್, ‘ಸಿ’ ಎದುರಿನ ಒಂದೇ ಗೆರೆ ಬಂದರೆ ಪಾಸಿಟಿವ್. ಎರಡನೆಯ ಗೆರೆ ಎಷ್ಟೇ ಮಸುಕಾಗಿರಲಿ, ಇದ್ದರೆ ನೆಗೆಟಿವ್. ಎರಡು ಗೆರೆ ನೋಡಿ ಮಗನಿಗೆ ಹೊಡೆದ ಮನೆಗಳಿವೆ.

ನಿಜವಾಗಿಯೂ ಒಂದೇ ಗೆರೆ ಇದ್ದರೆ, ಹಿಂದಿನ ಎರಡು ದಿನದಲ್ಲಿ ಮನೆಯಲ್ಲಿ ಗಸಗಸೆ ಪಾಯಸ ಮಾಡಿದ್ದಿರಾ? ಗಸಗಸೆ ಅಫೀಮು ಗಿಡದ ಬೀಜ. ಅದರ ಮೇಲೆ ಮಾರ್ಫಿನ್, ಕೋಡೀನ್‌ಗಳ ಅಂಟು ಉಳಿದಿರುತ್ತದೆ. ಅಮಲು ಬರುವಷ್ಟಲ್ಲ, ಆದರೆ ಪಟ್ಟಿಯನ್ನು ಪಾಸಿಟಿವ್ ಮಾಡುವಷ್ಟು. ಡಾಕ್ಟರ್ ಬರೆದುಕೊಟ್ಟ ಕೋಡೀನ್ ಇರುವ ಕೆಮ್ಮಿನ ಸಿರಪ್ಪಿನಿಂದಲೂ ಹಾಗೆಯೇ ಆಗುತ್ತದೆ. ಸಂದೇಹ ಉಳಿದರೆ ದೊಡ್ಡ ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದ ದೃಢೀಕರಣ ಪರೀಕ್ಷೆ ಮಾಡಿಸಬೇಕು. ಪಟ್ಟಿ ಹೇಳುವುದು ಬರೀ ಅನುಮಾನ.

ತಪ್ಪು ಇನ್ನೊಂದು ಕಡೆಗೂ ಆಗುತ್ತದೆ. ಈಗ ಹುಡುಗರ ನಡುವೆ ಓಡಾಡುವ ಟಪೆಂಟಡಾಲ್, ಟ್ರಮಡಾಲ್ ಎಂಬ ನೋವಿನ ಮಾತ್ರೆಗಳನ್ನು ಸಾಮಾನ್ಯ ಒಪಿಯೇಟ್ ಪಟ್ಟಿ ಹಿಡಿಯುವುದೇ ಇಲ್ಲ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ಮಾದಕದ ಪರೀಕ್ಷೆ ಹೆಚ್ಚಿನ ಕಿಟ್‌ಗಳಲ್ಲಿ ಇರುವುದಿಲ್ಲ. ಹಾಗಾಗಿ ನೆಗೆಟಿವ್ ಬಂತೆಂದು ನೆಮ್ಮದಿಯಾಗಿ ಮಲಗುವಂತೆಯೂ ಇಲ್ಲ. ಬಲವಂತವಾಗಿ ಪರೀಕ್ಷೆ ಮಾಡಿಸಿದ ಮನೆಯಲ್ಲಿ ಮಾತು ನಿಲ್ಲುತ್ತದೆ. ಚಿಕಿತ್ಸೆ ಶುರುವಾದ ಮೇಲೆ, ಅವನ ಒಪ್ಪಿಗೆಯಿಂದ, ವೈದ್ಯರ ಬಳಿ ಮಾಡಿಸುವ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

*

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ಕೆಲವರು ನೋವಿನ ಮಾತ್ರೆ ತಗೋತಾರೆ. ಟಪೆಂಟಡಾಲ್ ಅಂತ. ಕಂಪನಿ ಮಾತ್ರೆ ಆದ್ದರಿಂದ ಗಾಂಜಾಕ್ಕಿಂತ ಸೇಫ್ ಅಂತಾರೆ. ಒಬ್ಬ ಪುಡಿ ಮಾಡಿ ಇಂಜೆಕ್ಷನ್ ತಗೋತಾನೆ. ಬಿಡಬೇಕು ಅಂದರೂ ಮೈ ನೋವು ಅಂತ ಬಿಡೋಕಾಗ್ತಿಲ್ಲ. ಏನು ಮಾಡೋದು?
– ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಈ ಕಂತಿನ ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ನಿಮ್ಮದು. ಟಪೆಂಟಡಾಲ್ ಹೆರಾಯಿನ್, ಮಾರ್ಫಿನ್‌ಗಳ ಜಾತಿಯ ಔಷಧ. ಮೆದುಳಿನಲ್ಲಿ ಅವು ಕೂರುವ ಜಾಗದಲ್ಲೇ ಇದೂ ಕೂರುತ್ತದೆ. ಶಸ್ತ್ರಚಿಕಿತ್ಸೆಯ ನಂತರದಂಥ ತೀವ್ರ ನೋವಿಗೆ, ವೈದ್ಯರ ಚೀಟಿಯ ಮೇಲೆ ಕೊಡುವಂಥದ್ದು. ಕಂಪನಿ ಮಾತ್ರೆ ಎಂದರೆ ಒಳಗಿರುವುದು ಏನೆಂದು ಗೊತ್ತು, ಅಷ್ಟೇ. ನಾಲ್ಕು ನುಂಗಿದರೆ ಉಸಿರು ನಿಲ್ಲುವುದಿಲ್ಲ ಎಂದಲ್ಲ. ಜೊತೆಗೆ ಮದ್ಯ ಅಥವಾ ನೈಟ್ರಾಜೆಪಾಮ್, ಅಲ್ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆ ಸೇರಿದರೆ ಅಪಾಯ ಹಲವು ಪಟ್ಟು, ಏಕೆಂದರೆ ಮೂರೂ ಉಸಿರಾಟವನ್ನೇ ತಗ್ಗಿಸುತ್ತವೆ. ಟಪೆಂಟಡಾಲ್ ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು.

ಮಾತ್ರೆಯನ್ನು ನುಂಗಲೆಂದು ಮಾಡಿರುತ್ತಾರೆ, ಅದರಲ್ಲಿ ಟಾಲ್ಕ್, ಅಂಟು, ಪಿಷ್ಟ ಇರುತ್ತವೆ. ಇವು ನೀರಿನಲ್ಲಿ ಕರಗುವುದಿಲ್ಲ. ರಕ್ತನಾಳಕ್ಕೆ ಹೋದಾಗ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಚುಚ್ಚಿದ ಜಾಗ ಕೀವುಗಟ್ಟುತ್ತದೆ, ಕೈ ಊದುತ್ತದೆ. ಅಪ್ಪಿತಪ್ಪಿ ಅಪಧಮನಿಗೆ ಚುಚ್ಚಿದರೆ ಬೆರಳು ಕಪ್ಪಾಗಿ ಕತ್ತರಿಸುವ ಹಂತಕ್ಕೂ ಹೋಗಬಹುದು. ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಚುಚ್ಚಿಕೊಳ್ಳುವವನಿಗೆ ಚಳಿಜ್ವರ ಬಂದು ಇಳಿಯದಿದ್ದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು. ಪ್ಯಾರಾಸಿಟಮಾಲ್ ನುಂಗಿಸಿ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ದು ಚುಚ್ಚಿಕೊಳ್ಳುವ ವಿಷಯ ಹೇಳಿ.

ಬಿಡಲಾಗುತ್ತಿಲ್ಲ ಎಂಬುದು ನಾಟಕವಲ್ಲ. ಕೊನೆಯ ಮಾತ್ರೆಯ ನಂತರ ಒಂದು ದಿನದೊಳಗೆ ಆಕಳಿಕೆ, ಮೂಗಿನಲ್ಲಿ ನೀರು, ಮೈಕೈ ನೋವು, ಮೈಮೇಲೆ ಮುಳ್ಳೇಳುವುದು, ಭೇದಿ, ನಿದ್ದೆಗೇಡು ಶುರುವಾಗಿ ಎರಡು ಮೂರನೇ ದಿನ ತಾರಕಕ್ಕೇರುತ್ತವೆ. ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ: ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಮಾತ್ರೆ. ಹಿಂಸೆಯನ್ನೂ ಆಸೆಯನ್ನೂ ತಗ್ಗಿಸುತ್ತದೆ, ಹುಡುಗ ಕ್ಲಾಸಿಗೆ ಹೋಗಬಲ್ಲ. ಎಷ್ಟೋ ಮಂದಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೀರಿ ಬೇಕಾಗುತ್ತದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸುತ್ತಾರೆ’ ಎಂದು ನೆಂಟರು ಹೇಳುತ್ತಾರೆ, ಅದನ್ನು ಕೇಳಿ ಮಧ್ಯದಲ್ಲೇ ನಿಲ್ಲಿಸಿದವರು ಹಳೆಯದಕ್ಕೇ ಮರಳುವುದು ಹೆಚ್ಚು. ಆದರೆ ಗೆಳೆಯನ ಬಳಿ ಇದ್ದ ಈ ಮಾತ್ರೆಯನ್ನು ತಾನೇ ತೆಗೆದುಕೊಳ್ಳಬಾರದು. ಹಿಂದಿನ ಅಮಲು ಇಳಿಯುವ ಮುನ್ನ ತೆಗೆದುಕೊಂಡರೆ ಅದು ಹಳೆಯ ಔಷಧವನ್ನು ತಳ್ಳಿಹಾಕಿ, ಮೂರನೇ ದಿನದ ಹಿಂಸೆಯನ್ನು ಅರ್ಧ ಗಂಟೆಯಲ್ಲೇ ತಂದಿಡುತ್ತದೆ.

ಆ ಹುಡುಗ ನಿದ್ರೆ ಮಾತ್ರೆಯನ್ನೂ ದಿನಾ ತೆಗೆದುಕೊಳ್ಳುತ್ತಿದ್ದರೆ ಅದನ್ನು ಏಕಾಏಕಿ ನಿಲ್ಲಿಸಬಾರದು. ವೈದ್ಯರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ.

ಇನ್ನೊಂದು ಮಾತನ್ನು ಅವನಿಗೆ ಹೇಳಲೇಬೇಕು. ಎರಡು ವಾರ ಬಿಟ್ಟಿದ್ದವನ ಮೈ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಊರಿಗೆ ಹೋಗಿ, ಆಸ್ಪತ್ರೆಯಲ್ಲಿದ್ದು, ಇಲ್ಲವೇ ಜೈಲಿನಿಂದ ಬಂದ ಮೊದಲ ದಿನಗಳಲ್ಲಿ ‘ಮೊದಲು ತಗೋತಿದ್ದಷ್ಟೇ’ ತೆಗೆದುಕೊಂಡು ಸತ್ತವರಿದ್ದಾರೆ.

*

ಪ್ರಶ್ನೆ: ಪಾರ್ಟಿಯಲ್ಲಿ ಯಾರಾದರೂ ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಹೋಗಲು ಭಯ. ಪೊಲೀಸ್ ಕೇಸ್ ಆಗುತ್ತದೆ ಎಂದು ರೂಮಿನಲ್ಲೇ ಮಲಗಿಸುತ್ತಾರೆ. ಮೊಸರು, ನಿಂಬೆರಸ ಕೊಟ್ಟರೆ ಇಳಿಯುತ್ತದೆಯೇ?
– ಪಿ.ಜಿ.ಯಲ್ಲಿರುವ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಇಳಿಯುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನು ಹಾಕಿದರೂ ಶ್ವಾಸನಾಳಕ್ಕೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ತಣ್ಣೀರಿನ ಶವರ್ ಕೆಳಗೆ ನಿಲ್ಲಿಸುವುದು, ಕಾಫಿ, ಇವೆಲ್ಲ ಕಳೆಯುವುದು ಸಮಯವನ್ನು. ‘ಗೊರಕೆ ಹೊಡೀತಿದ್ದಾನೆ, ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ’ ಎಂದುಕೊಂಡವರು ಬೆಳಗ್ಗೆ ಹೆಣ ನೋಡಿದ್ದಾರೆ. ಆ ಗೊರಕೆ, ಗೊರಗೊರ ಸದ್ದು ಉಸಿರುದಾರಿ ಮುಚ್ಚುತ್ತಿರುವುದರ ಲಕ್ಷಣ.

ಮಾಡಬೇಕಾದದ್ದು ಇಷ್ಟು. ಜೋರಾಗಿ ಹೆಸರು ಕೂಗಿ, ಎದೆಮೂಳೆಯ ಮೇಲೆ ಬೆರಳ ಗೆಣ್ಣಿನಿಂದ ಒತ್ತಿ ಉಜ್ಜಿ. ಏಳದಿದ್ದರೆ ಒಬ್ಬರು ಕೂಡಲೇ 108ಕ್ಕೆ ಫೋನ್ ಮಾಡಿ ‘ಎಚ್ಚರವಿಲ್ಲ, ಉಸಿರು ಕಡಿಮೆಯಾಗಿದೆ’ ಎಂದು ಹೇಳಿ. ಈ ಎರಡು ಮಾತು ಸಾಕು. ಇನ್ನೊಬ್ಬರು ಮೊಬೈಲ್ ನೋಡಿಕೊಂಡು ಒಂದು ನಿಮಿಷ ಉಸಿರು ಎಣಿಸಿ. ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ಹತ್ತಕ್ಕಿಂತ ಕಡಿಮೆ, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿದ್ದರೆ ಅದು ಅಫೀಮು ಜಾತಿಯ ಔಷಧದ ಅತಿ ಸೇವನೆ ಎಂದೇ ತಿಳಿಯಿರಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮಲಗಿಸಿ, ವಾಂತಿಯಾದರೆ ಹೊರಗೆ ಹರಿಯಲಿ. ಉಸಿರು ನಿಂತಿದ್ದರೆ ಅಥವಾ ಏದುತ್ತಾ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರೆ ಎದೆ ಒತ್ತುವುದನ್ನು ಶುರು ಮಾಡಿ, ಗೊತ್ತಿದ್ದವರು ಬಾಯಿಂದ ಉಸಿರೂ ಕೊಡಬೇಕು. ಖಾಲಿ ಸ್ಟ್ರಿಪ್, ಪೊಟ್ಟಣ ಏನಿದ್ದರೂ ಬಿಸಾಡದೆ ಡಾಕ್ಟರಿಗೆ ಕೊಡಿ.

ಆಸ್ಪತ್ರೆಯಲ್ಲಿ ಅಫೀಮು ಜಾತಿಯ ಔಷಧದ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಎದ್ದು ಕೂರಬಹುದು. ಆಗಲೇ ‘ಸರಿಯಾಯ್ತು, ಹೋಗೋಣ’ ಎಂದು ಹೊರಡುವುದು ದೊಡ್ಡ ತಪ್ಪು. ನಲಾಕ್ಸೋನ್ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಒಳಗಿರುವ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಆಟೋದಲ್ಲಿ ಮತ್ತೆ ಉಸಿರು ನಿಲ್ಲಬಹುದು.

ಎಂಡಿಎಂಎ (ಪಾರ್ಟಿಗಳಲ್ಲಿ ‘ಎಕ್ಸ್‌ಟಸಿ’ ಹೆಸರಿನಲ್ಲಿ ಓಡಾಡುವ ಮಾದಕ) ತೆಗೆದುಕೊಂಡವರದು ಬೇರೆ ಚಿತ್ರ. ಮೈ ಕೆಂಡ, ದವಡೆ ಬಿಗಿತ, ಗೊಂದಲ, ನಡುಕ. ಕೂಡಲೇ 108ಕ್ಕೆ ಕರೆ ಮಾಡಿ, ಬರುವವರೆಗೆ ಗಾಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಬೀಸುತ್ತಿರಬೇಕು. ಪ್ಯಾರಾಸಿಟಮಾಲ್ ಈ ಬಿಸಿಯನ್ನು ಇಳಿಸುವುದಿಲ್ಲ. ಎಚ್ಚರವಿದ್ದವರೂ ಲೀಟರುಗಟ್ಟಲೆ ನೀರು ಕುಡಿಯಬಾರದು. ಈ ಮಾದಕ ದೇಹದಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಂಡು ಫಿಟ್ಸ್ ಬರುತ್ತದೆ. ಇನ್ನು ವೈಟ್‌ನರ್, ಥಿನ್ನರ್, ಸೊಲ್ಯೂಷನ್ ಮೂಸುವವರನ್ನು ಕಂಡರೆ ಕೂಗಾಡಿ ಅಟ್ಟಿಸಿಕೊಂಡು ಹೋಗಬೇಡಿ. ಆ ಆವಿಯಿಂದ ಹೃದಯ ಎಷ್ಟು ಸೂಕ್ಷ್ಮವಾಗಿರುತ್ತದೆಂದರೆ, ಬೆಚ್ಚಿ ಓಡಿದಾಗ ಅದರ ಬಡಿತ ತಪ್ಪಿ ಅಲ್ಲೇ ಸಾಯಬಹುದು. ಸಮಾಧಾನದಿಂದ ಗಾಳಿಗೆ ಕರೆದುಕೊಂಡು ಹೋಗಿ ಕೂರಿಸಿ.

ಪೊಲೀಸ್ ಭಯದ ಬಗ್ಗೆ ಸುಳ್ಳು ಹೇಳುವುದಿಲ್ಲ. ಇಂಥ ಪ್ರಕರಣವನ್ನು ಆಸ್ಪತ್ರೆ ಮೆಡಿಕೋ ಲೀಗಲ್, ಅಂದರೆ ಪೊಲೀಸರಿಗೆ ತಿಳಿಸುವ ಪ್ರಕರಣ ಎಂದು ದಾಖಲಿಸಬಹುದು. ಆದರೆ ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ತುರ್ತು ಚಿಕಿತ್ಸೆ ಕೊಡಲೇಬೇಕೆಂದು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೇವನೆಗೆ ಇರುವ ಶಿಕ್ಷೆ ಏನು, ಚಿಕಿತ್ಸೆಗೆ ಒಪ್ಪಿದರೆ ಏನು ವಿನಾಯಿತಿ ಎಂಬುದು ಕೆಳಗಿದೆ. ರೂಮಿನಲ್ಲಿ ಒಬ್ಬರು ಸತ್ತರೆ ಆಗುವ ಕೇಸು ಅದಕ್ಕಿಂತ ಬಹಳ ದೊಡ್ಡದು.

*

ಪ್ರಶ್ನೆ: ರೂಮ್‌ಮೇಟ್ ನಮ್ಮಿಬ್ಬರ ಬೀರುವಿನಲ್ಲಿ ಗಾಂಜಾ ಇಡುತ್ತಾನೆ. ನಾನು ಸೇದುವುದಿಲ್ಲ. ಮೊನ್ನೆ ‘ನಿನ್ನ ಹೆಸರಿಗೆ ಒಂದು ಪಾರ್ಸೆಲ್ ಬರುತ್ತೆ, ತಗೊಂಡಿಡು’ ಅಂದ. ನನಗೆ ಏನಾದರೂ ಆಗುತ್ತದೆಯೇ?
– ಬಿ.ಕಾಂ. ವಿದ್ಯಾರ್ಥಿ, ಮಂಗಳೂರು

ಉತ್ತರ: ಆಗುತ್ತದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಪ್ರಕಾರ, ತಾನು ಇರುವ ಕೋಣೆಯನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವರೂ ತಪ್ಪಿತಸ್ಥರೇ. ವಶದಲ್ಲಿ ಸಿಕ್ಕಿದರೆ ‘ನನಗೆ ಗೊತ್ತಿರಲಿಲ್ಲ’ ಎಂದು ತೋರಿಸುವ ಭಾರ ಬಹುಮಟ್ಟಿಗೆ ಆರೋಪಿಯ ಮೇಲೇ ಬೀಳುತ್ತದೆ, 35 ಮತ್ತು 54ನೇ ಕಲಂಗಳು ಅದಕ್ಕೇ ಇವೆ. ನಿಮ್ಮ ಹೆಸರು, ನಿಮ್ಮ ಫೋನ್ ನಂಬರ್, ನಿಮ್ಮ ಸಹಿ ಇರುವ ಪಾರ್ಸೆಲ್ ಆದರೆ ಹೇಳಲು ಉಳಿಯುವುದೇನು? ಪಾರ್ಸೆಲ್ ಬೇಡವೆಂದು ಇವತ್ತೇ ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ, ಆ ಸಂದೇಶ ಅಳಿಸಬೇಡಿ. ಬಂದರೆ ಸಹಿ ಹಾಕದೆ ಹಿಂದಿರುಗಿಸಿ. ಬೀರುವಿನಿಂದ ಅದು ಹೋಗದಿದ್ದರೆ ರೂಮ್ ಬದಲಿಸಿ, ಕಾರಣ ಹೇಳದೆಯೂ ವಾರ್ಡನ್‌ಗೆ ಅರ್ಜಿ ಕೊಡಬಹುದು.

ಸಿಕ್ಕ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಏರುತ್ತದೆ, ಆ ಲೆಕ್ಕ ತಿಳಿದಿರಲಿ. ಕಾಯ್ದೆಯಲ್ಲಿ ಗಾಂಜಾಕ್ಕೆ ‘ಸಣ್ಣ ಪ್ರಮಾಣ’ 1 ಕಿಲೋ, ವಾಣಿಜ್ಯ ಪ್ರಮಾಣ 20 ಕಿಲೋ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಎಂಡಿಎಂಎಗೆ ಬರೀ ಅರ್ಧ ಗ್ರಾಂ ಮತ್ತು 10 ಗ್ರಾಂ. ಹುಡುಗರು ಎಡವುವುದು ಇಲ್ಲೇ. ಹೀರಾ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ತೂಗುವುದು ಶುದ್ಧ ಮಾದಕವನ್ನಲ್ಲ, ಬೆರಕೆ ಸಮೇತ ಇಡೀ ಮಿಶ್ರಣವನ್ನು. ಎರಡು ಮೂರು ಎಕ್ಸ್‌ಟಸಿ ಮಾತ್ರೆಗಳ ಒಟ್ಟು ತೂಕವೇ ಅರ್ಧ ಗ್ರಾಂ ದಾಟಬಹುದು. ದಾಟಿದರೆ ಶಿಕ್ಷೆ ಗರಿಷ್ಠ ಒಂದು ವರ್ಷದಿಂದ ಗರಿಷ್ಠ ಹತ್ತು ವರ್ಷಕ್ಕೆ, ದಂಡ ಒಂದು ಲಕ್ಷದವರೆಗೆ ಏರುತ್ತದೆ. ‘ಫ್ರೆಂಡ್ಸ್‌ಗೆ ಅಂತ ನಾನೇ ತಂದೆ, ಲಾಭ ಇಟ್ಟಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಬರೀ ಸೇವನೆಗೆ 27ನೇ ಕಲಂ: ಕೊಕೇನ್, ಹೆರಾಯಿನ್, ಮಾರ್ಫಿನ್‌ನಂಥವಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಉಳಿದವಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಚಟಕ್ಕೆ ಬಿದ್ದವನು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ 64ಎ ಕಲಂ ಅವನನ್ನು ವಿಚಾರಣೆಯಿಂದ ಕಾಯುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ನಿಮ್ಮ ರೂಮ್‌ಮೇಟಿಗೆ ಈ ಕಲಂ ಬಗ್ಗೆ ಹೇಳಿ, ಬೈಯುವುದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಂದಹಾಗೆ, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕಾಲ್‌ನಲ್ಲೇ ಇರಿ’ ಎಂದು ಯಾರಾದರೂ ಹೆದರಿಸಿದರೆ ಅದು ಮೋಸ. ಫೋನ್ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

*

ಪ್ರಶ್ನೆ: ಪರೀಕ್ಷೆ ಸಮಯದಲ್ಲಿ ನಿದ್ದೆ ಬಾರದಂತೆ, ಗಮನ ನಿಲ್ಲುವಂತೆ ಮಾಡುವ ಮಾತ್ರೆ ಸೀನಿಯರ್ಸ್ ಕೊಡುತ್ತಾರೆ. ತೊಂದರೆ ಇದೆಯೇ?
– ವೈದ್ಯಕೀಯ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮೀಥೈಲ್‌ಫೆನಿಡೇಟ್ ಅಥವಾ ಮೊಡಾಫಿನಿಲ್ ಇರಬಹುದು. ಮೊದಲನೆಯದು ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇರುವವರಿಗೆ, ಎರಡನೆಯದು ವಿಪರೀತ ನಿದ್ದೆಯ ಕಾಯಿಲೆಗೆ. ಆ ಕಾಯಿಲೆ ಇಲ್ಲದವರಿಗೆ ಸಿಗುವುದು ಎಚ್ಚರ ಮತ್ತು ‘ಚೆನ್ನಾಗಿ ಓದುತ್ತಿದ್ದೇನೆ’ ಎಂಬ ಭಾವನೆ. ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ಮಾತ್ರೆ ಕಸಿಯುವುದೂ ಅದನ್ನೇ. ಎದೆಬಡಿತ, ರಕ್ತದೊತ್ತಡ, ಆತಂಕ ಏರುತ್ತವೆ. ಮೊಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಕುಗ್ಗಿಸುತ್ತದೆ. ಆಮೇಲೆ ನಿದ್ದೆ ಬರಲೆಂದು ಅಲ್ಪ್ರಜೋಲಾಮ್ ನುಂಗಲು ಶುರು ಮಾಡುತ್ತಾರೆ, ಚಟ ಹತ್ತುವುದು ಅದರದ್ದು. ಗಮನ ನಿಲ್ಲದ ತೊಂದರೆ ಚಿಕ್ಕಂದಿನಿಂದಲೂ ಇದ್ದರೆ ಮಾತ್ರ ಮನೋವೈದ್ಯರನ್ನು ಕಂಡು ಪರೀಕ್ಷಿಸಿಕೊಳ್ಳಿ.

*

ಪ್ರಶ್ನೆ: ತಮ್ಮನಿಗೆ ಚಟ ಹತ್ತಿದೆ. ಒಂದು ವ್ಯಸನಮುಕ್ತಿ ಕೇಂದ್ರದವರು ‘ರಾತ್ರಿ ನಾವೇ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ, ಆರು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ, ಗ್ಯಾರಂಟಿ’ ಅನ್ನುತ್ತಾರೆ. ಸೇರಿಸಬಹುದೇ?
– ಅಣ್ಣ, ಕಲಬುರಗಿ

ಉತ್ತರ: ಬೇಡ. ಅವರು ಹೇಳಿದ ಒಂದೊಂದು ಮಾತೂ ಬೇಡ ಎನ್ನಲು ಕಾರಣ. ಚಟದ ಚಿಕಿತ್ಸೆಗೆ ಗ್ಯಾರಂಟಿ ಕೊಡುವ ವೈದ್ಯರಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕಗಳಿಂದಾದ ಮಾನಸಿಕ ಸ್ಥಿತಿಗೂ ಅನ್ವಯಿಸುತ್ತದೆ. ಒಪ್ಪದವರನ್ನು ಸೇರಿಸಲು 89ನೇ ಕಲಂನಲ್ಲಿ ದಾರಿ ಇದೆ, ಆದರೆ ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ, ತನಗೋ ಬೇರೆಯವರಿಗೋ ಅಪಾಯ ತರುವಷ್ಟು ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ತೀವ್ರವಾಗಿದೆ ಎಂದು ಹೇಳಬೇಕು. ಅವಧಿ ಮೊದಲಿಗೆ 30 ದಿನ ಮೀರುವಂತಿಲ್ಲ. ಸರಪಳಿ ಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು, ದುಡಿಸಿಕೊಳ್ಳುವುದು ಎಲ್ಲಕ್ಕೂ ನಿಷೇಧವಿದೆ. ಕುಟುಂಬದವರ ಭೇಟಿ, ಫೋನ್ ಹಕ್ಕಿನ ಮಾತು.

ಯಾವುದೇ ಕೇಂದ್ರಕ್ಕೆ ಹೋದರೂ ಹಗಲಲ್ಲೇ, ಹೇಳದೆ ಹೋಗಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ನೋಡಬೇಕೆನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಯಾವ ಔಷಧ ಕೊಡುತ್ತೀರಿ ಬರೆದುಕೊಡಿ ಎಂದು ಕೇಳಿ. ಮಲಗುವ ಕೋಣೆ, ಶೌಚಾಲಯ ನೋಡಿ, ಒಳಗಿರುವ ಒಬ್ಬರ ಜೊತೆ ಸಿಬ್ಬಂದಿ ಇಲ್ಲದೆ ಮಾತಾಡಿ. ಇದಕ್ಕೆ ಬಿಡದಿದ್ದರೆ ಅಲ್ಲಿಂದಲೇ ಹಿಂತಿರುಗಿ.

ಎಲ್ಲರಿಗೂ ದಾಖಲಾತಿಯೇ ಬೇಕಾಗುವುದಿಲ್ಲ. ಗಾಂಜಾದ ಹೆಚ್ಚಿನವರಿಗೆ, ನೋವಿನ ಮಾತ್ರೆಯ ಎಷ್ಟೋ ಮಂದಿಗೆ ಹೊರರೋಗಿ ಚಿಕಿತ್ಸೆ ಸಾಕು. ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ದೊಡ್ಡ ಸಮಸ್ಯೆಯಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ವ್ಯಸನ ಚಿಕಿತ್ಸಾ ಕೇಂದ್ರ ಇವೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ, ತಮ್ಮ ಒಪ್ಪದಿದ್ದರೂ ಮೊದಲ ಕರೆಯನ್ನು ನೀವೇ ಮಾಡಬಹುದು. ಹೋಗುವಾಗ ನಾಲ್ಕು ಪ್ರಶ್ನೆಗಳ ಉತ್ತರ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮನೆಯಲ್ಲಿ ಸಿಕ್ಕಿದ ಖಾಲಿ ಸ್ಟ್ರಿಪ್‌ಗಳ ಫೋಟೊವೂ ಇರಲಿ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಲ ಎಡವಿದರೆ ‘ಎಲ್ಲಾ ಹೋಯ್ತು’ ಎಂದು ಕೂಗಾಡಬೇಡಿ. ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಆ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ.

*

ಪ್ರಶ್ನೆ: ಗಾಂಜಾ ಬಿಟ್ಟು 40 ದಿನವಾಯಿತು. ಕ್ಯಾಂಪಸ್ ಸೆಲೆಕ್ಷನ್ ಆಗಿದೆ, ಮೆಡಿಕಲ್ ಟೆಸ್ಟ್‌ನಲ್ಲಿ ಸಿಗುತ್ತದೆಯೇ? ಆನ್‌ಲೈನ್‌ನಲ್ಲಿ ಬರುವ ‘ಡಿಟಾಕ್ಸ್’ ಪಾನೀಯ ಕುಡಿಯಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಪಾನೀಯಕ್ಕೆ ದುಡ್ಡು ಹಾಕಬೇಡಿ. ಟಿಎಚ್‌ಸಿ ಕೊಬ್ಬಿನಲ್ಲಿ ಕೂರುತ್ತದೆ, ತೊಳೆದು ಹೋಗುವಂಥದ್ದಲ್ಲ. ಒಮ್ಮೆ ಸೇದಿದವರ ಮೂತ್ರದಲ್ಲಿ ಸುಮಾರು 3 ದಿನ, ದಿನಾ ಸೇದುತ್ತಿದ್ದವರಲ್ಲಿ 10ರಿಂದ 15 ದಿನ, ವರ್ಷಗಟ್ಟಲೆ ವಿಪರೀತ ಸೇದಿದವರಲ್ಲಿ 30 ದಿನ ಮೀರಿಯೂ ಕಾಣಬಹುದು. 40 ದಿನ ಕಳೆದಿದ್ದರೆ ಹೆಚ್ಚಿನವರಲ್ಲಿ ಕಾಣುವುದಿಲ್ಲ. ಸದ್ಯ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದರೆ ಚೀಟಿಯನ್ನು ಜೊತೆಯಲ್ಲಿ ಒಯ್ಯಿರಿ. ಹಿಂದಿನ ಎರಡು ದಿನ ಗಸಗಸೆ ಪಾಯಸ ಬೇಡ.